‘ಇಲ್ಲ’ ಅನ್ನುವ ಮೊದಲು

ಹೆಡ್‌ಫೋನಿನ ಎಡಗಡೆ ಕೆಟ್ಟುಹೋಗಿ ಬಹಳ ದಿನವಾಗಿತ್ತು. ಬಲಗಿವಿ ಒಂದರಲ್ಲೇ ಅವಳು ಬೆಳಿಗ್ಗೆಯಿಂದ ಅಮ್ಮ ಸುಮ್ಮನಿರುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಮೊದಲು ಅವಳದೇ ದನಿ ಬರುತ್ತದೆ, ಯಾರೋ ಅಪರಿಚಿತರನ್ನು ಮಾತಾಡಿಸುವ ಹಾಗೆ: ನಿಮಗೆ ಸದ್ಯ ಆರೋಗ್ಯದ ತೊಂದರೆ ಏನಾದರೂ ಇದೆಯೇ? ಆಮೇಲೆ ಏನೂ ಇಲ್ಲ. ಗೋಡೆಯಾಚೆಯ ಲ್ಯಾಬಿನ ಸರ್ವರ್ ಯಂತ್ರಗಳ ಗುಂಯ್ ಅನ್ನುವ ಸದ್ದು, ಕುರ್ಚಿ ಒಮ್ಮೆ ಕಿರುಗುಟ್ಟುವುದು, ಅಷ್ಟೆ. ಆಮೇಲೆ ಅಮ್ಮ ‘ಇಲ್ಲ’ ಅನ್ನುತ್ತಾಳೆ. ಅದರ ಹಿಂದೆಯೇ ನಗುತ್ತಾಳೆ. ನೀವು ತಾವು ಅನ್ನೋದನ್ನ ಯಾವಾಗ ಕಲಿತೆ ಪುಟ್ಟಿ, ಅನ್ನುತ್ತಾಳೆ. ಆ ನಗುವನ್ನೂ, ಅದಕ್ಕೆ ಮುಂಚಿನ ಮೌನವನ್ನೂ ಅವಳು ಆಗಲೇ ಕತ್ತರಿಸಿ ಹಾಕಿದ್ದಳು. ಪ್ರಶ್ನೆಯ ಭಾಗ ಲೆಕ್ಕಕ್ಕಿರಲಿಲ್ಲ. ಕಂಪ್ಯೂಟರಿಗೆ ಬೇಕಾಗಿದ್ದದ್ದು ಅಮ್ಮ ಒಂದೇ ಉಸಿರಿನಲ್ಲಿ ಎಳೆದ ‘ಆ’, ಮತ್ತು ಬಂದವರೆಲ್ಲ ಓದುತ್ತಿದ್ದ ಒಂದೇ ಒಂದು ಪ್ಯಾರಾ. ಕತ್ತರಿಸದ ಮೂಲ ಫೈಲು ಹಾರ್ಡ್‌ಡಿಸ್ಕಿನ ಯಾವುದೋ ಮೂಲೆಯಲ್ಲಿ ಉಳಿದುಕೊಂಡಿತ್ತು. ಈಗ ಅದನ್ನು ತೆರೆದು, ಪ್ರಶ್ನೆ ಮುಗಿದಲ್ಲಿಂದ ‘ಇಲ್ಲ’ ಶುರುವಾಗುವ ತನಕ ಗುರುತು ಹಾಕಿಕೊಂಡು, ಅಷ್ಟನ್ನೇ ಮತ್ತೆ ಮತ್ತೆ ಹಾಕುತ್ತಿದ್ದಳು. ಅದರಲ್ಲಿ ಏನೋ ಸಿಗುತ್ತದೆಂದಲ್ಲ. ಬೆರಳು ಕೀಲಿಯ ಮೇಲಿತ್ತು, ಒತ್ತುತ್ತಿತ್ತು.

ಎರಡು ವರ್ಷದ ಓದಿನ ಮೂರನೇ ವರ್ಷ ಇದು. ತರಗತಿಗಳು ಮೊದಲ ಕೆಲವು ತಿಂಗಳಿಗೇ ಮುಗಿದಿದ್ದವು. ಆಮೇಲೆ ಉಳಿದದ್ದು ಒಂದು ಪ್ರಶ್ನೆ, ಒಬ್ಬ ಗೈಡು, ಬರೆದು ಮುಗಿಸಬೇಕಾದ ಒಂದು ಥೀಸಿಸ್. ಚಿಕ್ಕಮ್ಮ ಯಾರೊಂದಿಗೋ ಫೋನಿನಲ್ಲಿ ವಿವರಿಸುತ್ತಿದ್ದದ್ದು ಅವಳಿಗೆ ಕೇಳಿಸಿತ್ತು: ಡಾಕ್ಟರೇಟೂ ಅಲ್ಲವಂತೆ, ಸಾದಾ ಮಾಸ್ಟರ್ಸೂ ಅಲ್ಲವಂತೆ, ನಡುವೆ ನೇತಾಡೋ ಅಂಥದ್ದು ಏನೋ ಇದೆಯಂತೆ, ಅದನ್ನ ಮಾಡ್ತಿದಾಳೆ. ತಪ್ಪೇನೂ ಹೇಳಿರಲಿಲ್ಲ ಚಿಕ್ಕಮ್ಮ. ಅವಳ ಪ್ರಶ್ನೆ, ಮನುಷ್ಯರ ದನಿ ಕೇಳಿಯೇ ನಡುಕದ ಕಾಯಿಲೆಯನ್ನು ಅದು ಮೈಗೆ ಕಾಣಿಸಿಕೊಳ್ಳುವ ಮೊದಲೇ ಹಿಡಿಯಲು ಕಂಪ್ಯೂಟರಿಗೆ ಕಲಿಸಬಹುದೇ ಎನ್ನುವುದು. ಕಲಿಸಲು ಎರಡು ಬಗೆಯ ದನಿ ಬೇಕು. ಆರೋಗ್ಯವಂತರನ್ನು ಅವಳು ಲ್ಯಾಬಿನ ಪಕ್ಕದ ಕಿಟಕಿಯಿಲ್ಲದ ಕೋಣೆಗೆ ಕರೆಸಿದಳು. ಕಾಯಿಲೆಯವರನ್ನು ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲೇ, ಅವರು ಹೇಗೂ ಬಂದು ಕೂರುವಲ್ಲೇ, ಮುದ್ರಿಸಿಕೊಂಡಳು. ಕಾಲೆಳೆದುಕೊಂಡು ನಡೆಯುವವರನ್ನು ಲ್ಯಾಬಿನ ಮೆಟ್ಟಿಲು ಹತ್ತಿಸಲು ಮನಸ್ಸು ಒಪ್ಪಿರಲಿಲ್ಲ. ಅದನ್ನು ಅವಳು ತನ್ನ ಒಳ್ಳೆಯತನವೆಂದು ಎಣಿಸಿದ್ದಳು. ಗೈಡು ಕೂಡ ಹಾಗೆಂದು ಹೊಗಳಿದ್ದರು. ಕಂಪ್ಯೂಟರ್ ಬೇಗ ಕಲಿಯಿತು. ಎಂಥ ದನಿ ಕೊಟ್ಟರೂ ಇವರಿಗೆ ಇದೆ, ಇವರಿಗೆ ಇಲ್ಲ ಅಂತ ಹೆಚ್ಚುಕಡಿಮೆ ತಪ್ಪದೆ ಹೇಳಿತು. ಪ್ರಬಂಧ ಒಂದು ಸಮ್ಮೇಳನಕ್ಕೆ ಆಯ್ಕೆಯಾಯಿತು. ಲ್ಯಾಬಿಗೆ ಕೇಕ್ ಬಂತು.

ನಿನ್ನೆ ಮಧ್ಯಾಹ್ನ ಅಜ್ಜ ಒಂದು ಮಾತು ಹೇಳಿದ. ಅಜ್ಜ ಅಂದರೆ ಲ್ಯಾಬಿನ ಹಿರಿಯ ವಿದ್ಯಾರ್ಥಿ, ಡಾಕ್ಟರೇಟು ಮುಗಿಸದೆ ವರ್ಷಗಟ್ಟಲೆ ಕೂತು ತಲೆಗೂದಲು ಉದುರಿಸಿಕೊಂಡದ್ದಕ್ಕೆ ಎಲ್ಲರೂ ಇಟ್ಟ ಹೆಸರು. ಅವಳು ಮುಂದಿನ ವಾರದ ಸೆಮಿನಾರಿಗೆ ಒಂದು ಪುಟ ತುಂಬಿಸಲು ಏನೂ ತೋಚದೆ ಕೂತಿದ್ದಳು. ಅವನು ಅವಳ ಪರದೆಯ ಮೇಲೆ ಬಗ್ಗಿ, ಪಾಪ ಅದಕ್ಕೂ ಮಾತು ಕೇಳಿ ಕೇಳಿ ಸಾಕಾಗಿರತ್ತೆ, ಸ್ವಲ್ಪ ಹೊತ್ತು ಸುಮ್ಮನಿರೋದನ್ನ ಕೊಟ್ಟು ನೋಡು, ಅಂದ. ತಮಾಷೆಗೆ ಅಂದದ್ದು. ಅವಳು ತಮಾಷೆಗೇ ಮಾಡಿದಳು. ಎಲ್ಲರ ಧ್ವನಿಮುದ್ರಣದಿಂದಲೂ ಮಾತನ್ನು ತೆಗೆದು ಹಾಕಿ, ವಾಕ್ಯ ಮತ್ತು ವಾಕ್ಯದ ನಡುವೆ ಜನ ಉಸಿರೆಳೆದುಕೊಳ್ಳುವ ಸಂದುಗಳನ್ನಷ್ಟೇ ಜೋಡಿಸಿ ಕೊಟ್ಟಳು. ಕಂಪ್ಯೂಟರ್ ಮೊದಲಿನಷ್ಟೇ ಸರಿಯಾಗಿ ಹೇಳಿತು. ಇವರಿಗೆ ಇದೆ, ಇವರಿಗೆ ಇಲ್ಲ. ಅದು ಯಾರ ದನಿಯನ್ನೂ ಕೇಳಿಸಿಕೊಂಡಿರಲೇ ಇಲ್ಲ. ಸರ್ವರಿನ ಗುಂಯ್ ಅನ್ನುವುದಿದ್ದರೆ ಆರೋಗ್ಯ. ಆಸ್ಪತ್ರೆಯ ಕೋಣೆಯ ನೀರಿನ ಯಂತ್ರದ ಗೊರಗೊರವಿದ್ದರೆ ಕಾಯಿಲೆ. ಅದು ಕಲಿತದ್ದು ಎರಡು ಕೋಣೆಗಳ ಗುರುತನ್ನು. ಅವಳು ಸ್ವಲ್ಪ ಹೊತ್ತು ಆ ಅಂಕಿಯನ್ನು ನೋಡಿದಳು. ಆಮೇಲೆ ಎದ್ದು ಹೋಗಿ ಚಹಾದ ಲೋಟ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಏನೋ ಆಗಬೇಕು ಅಂತ ಕಾದಳು. ಆಗಲಿಲ್ಲ. ಅಜ್ಜ ಏನಾಯ್ತು ಅಂತ ಕೇಳಿದಾಗ, ಏನಿಲ್ಲ, ಚೆನ್ನಾಗೇ ಬಂತು, ಅಂದಳು. ಅದು ಸುಳ್ಳೂ ಆಗಿರಲಿಲ್ಲ.

ಗೈಡಿನ ಕೋಣೆಯಲ್ಲಿ ಯಾವಾಗಲೂ ಕಿತ್ತಳೆ ಹಣ್ಣಿನ ವಾಸನೆ. ಊಟದ ಬದಲು ಅವರು ಹಣ್ಣು ತಿನ್ನುವವರು. ಇವತ್ತು ಅವಳು ಹೇಳಿದ್ದನ್ನೆಲ್ಲ ಅವರು ಸಿಪ್ಪೆ ಬಿಡಿಸುತ್ತಲೇ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ, ಮುಖ ಗಂಟು ಹಾಕಿಕೊಳ್ಳಲಿಲ್ಲ. ಅವರು ಬೈಯುವವರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಅವಳಿಗೆ ಅನ್ನಿಸಿತು. ಎರಡು ತೊಳೆ ಅವಳ ಕೈಗಿಟ್ಟು, ಎಲ್ಲರ ಡೇಟಾನೂ ಹೀಗೇ ಇರತ್ತಮ್ಮ, ಯಾರೂ ಬಗ್ಗಿ ನೋಡಲ್ಲ ಅಷ್ಟೆ, ಅಂದರು. ಎರಡೂ ಗುಂಪನ್ನು ಒಂದೇ ಕೋಣೆಯಲ್ಲಿ ಮತ್ತೆ ಮುದ್ರಿಸಬೇಕೆಂದರೆ ಇನ್ನೊಂದು ವರ್ಷ. ಅವಳ ಅವಧಿ ಆಗಲೇ ಮುಗಿದಿತ್ತು, ಒಮ್ಮೆ ವಿಸ್ತರಿಸಿಯೂ ಆಗಿತ್ತು.

“ಮಿತಿಗಳು ಅಂತ ಒಂದು ಅಧ್ಯಾಯ ಇಟ್ಟಿರೋದು ಇನ್ನೇತಕ್ಕೆ? ಅಲ್ಲಿ ಒಂದು ಸಾಲು ಹಾಕು. ಇದನ್ನ ನಂಬಿಕೊಂಡು ಯಾರೂ ಮಾತ್ರೆ ನುಂಗಲ್ಲ.”

“ಸರಿ ಸರ್,” ಅಂದಳು.

ಹೊರಗೆ ಬಂದು ಉದ್ದನೆಯ ಕಾರಿಡಾರಿನಲ್ಲಿ ನಡೆಯುವಾಗ ಎದುರಿಗೆ ಬಂದ ಯಾರೋ ಸೆಮಿನಾರಿಗೆ ತಯಾರಿ ಹೇಗಿದೆ ಅಂತ ಕೇಳಿ ಕೈ ಚಾಚಿದರು. ಆಗಲೇ ಅವಳಿಗೆ ಗೊತ್ತಾದದ್ದು, ಎರಡೂ ತೊಳೆ ಅಂಗೈಯಲ್ಲೇ ಇವೆ, ಬೆಚ್ಚಗಾಗಿ ಅಂಟುತ್ತಿವೆ. ನುಂಗಲ್ಲ ಅಂದಿದ್ದರು ಸರ್. ನುಂಗಿಲ್ಲ, ನಿಜ. ಯಾರೂ ಏನೂ ನುಂಗಿಲ್ಲ.

ಅಮ್ಮನ ದನಿಯನ್ನು ಅವಳು ಕಲಿಸುವ ಗುಂಪಿಗೆ ಸೇರಿಸದೆ ಬೇರೆ ಇಟ್ಟಿದ್ದಳು. ಎಲ್ಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸೋಣ ಅಂತ, ಒಡವೆ ಎತ್ತಿಟ್ಟ ಹಾಗೆ. ಕಂಪ್ಯೂಟರ್ ನೂರಕ್ಕೆ ತೊಂಬತ್ತೇಳು ಪಾಲು ಏನೂ ಇಲ್ಲ ಅಂದಿತ್ತು. ಆ ಸಂಜೆ ಊಟದ ಮುಂದೆ ಅದನ್ನು ಹೇಳಿದಾಗ ಅಮ್ಮ ತಟ್ಟೆಯಿಂದ ಕೈ ತೆಗೆದು ಅವಳ ಮುಖವನ್ನೇ ನೋಡಿದಳು. ತೊಂಬತ್ತೇಳಾ? ನಿನಗೆ ಗಣಿತದಲ್ಲಿ ಯಾವತ್ತೂ ಬಂದಿರಲಿಲ್ಲ ಅಷ್ಟು, ಅಂದಳು. ಆಮೇಲೆ ಎದ್ದು ಹೋಗಿ ಒಲೆಯ ಹತ್ತಿರ ಬೆನ್ನು ಹಾಕಿ ತುಂಬ ಹೊತ್ತು ನಿಂತಳು. ಮರುದಿನ ಚಿಕ್ಕಮ್ಮನಿಗೆ ಫೋನು ಹೋಯಿತು, ಅಮ್ಮನ ಶಾಲೆಯ ಟೀಚರುಗಳಿಗೆಲ್ಲ ಗೊತ್ತಾಯಿತು. ಅವರೂ ಅಮ್ಮನೊಂದಿಗೆ ಲ್ಯಾಬಿಗೆ ಬಂದು ದನಿ ಕೊಟ್ಟವರೇ, ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು. ಅಮ್ಮ ಆ ಪ್ಯಾರಾವನ್ನು ಓದುವ ಮೊದಲು ಇಲ್ಲೊಂದು ಅಲ್ಪವಿರಾಮ ಬೇಕು ಅಂತ ತಿದ್ದಿದ್ದಳು. ಎರಡನೇ ತರಗತಿಗೆ ಪಾಠ ಹೇಳುವವಳಲ್ಲವೇ, ಪೂರ್ಣವಿರಾಮ ಬಂದಲ್ಲೆಲ್ಲ ಮಕ್ಕಳು ಹಿಂದೆಯೇ ಓದುತ್ತಾರೇನೋ ಎನ್ನುವ ಹಾಗೆ ನಿಂತು ನಿಂತು ಓದಿದ್ದಳು. ಹಾಗಾಗಿ ಎಲ್ಲರಿಗಿಂತ ಹೆಚ್ಚು ಮೌನ ಸಿಕ್ಕಿದ್ದು ಅಮ್ಮನ ಮುದ್ರಣದಲ್ಲೇ. ಕಂಪ್ಯೂಟರಿಗೆ ಸಂಶಯವೇ ಬಂದಿರಲಿಲ್ಲ.

ಥೀಸಿಸಿನ ಮೊದಲ ಅಧ್ಯಾಯವನ್ನು ಅವಳು ಬರೆದದ್ದು ಅಡುಗೆಮನೆಯ ಮೇಜಿನ ಮೇಲೆ. ಬೇರೆಯವರ ಪ್ರಬಂಧಗಳಿಂದ ಆಯ್ದು ಒಂದೊಂದೇ ಲಕ್ಷಣ ಇಳಿಸುತ್ತಾ ಹೋಗಿದ್ದಳು: ವಾಸನೆ ತಿಳಿಯದೆ ಹೋಗುವುದು, ಕೈಬರಹ ಸಾಲಿನ ಕೊನೆಗೆ ಬರುತ್ತಾ ಸಣ್ಣದಾಗುವುದು, ನಡೆಯುವಾಗ ಒಂದು ತೋಳು ಬೀಸದೆ ಜೋತುಬೀಳುವುದು, ದನಿ ತಗ್ಗುವುದು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಘಾಟು ತುಂಬಿದಾಗ ಅಮ್ಮ ಅದರ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವಳು ಮೇಜಿನಿಂದ ಧಡಕ್ಕನೆ ಎದ್ದು ಒಲೆ ಆರಿಸಿ, ಎಲ್ಲಿಟ್ಟಿದೀಯ ಮನಸ್ಸು, ಅಂತ ಗದರಿದಳು. ಪಾತ್ರೆ ಉಜ್ಜಿದ್ದೂ ಅಮ್ಮನೇ. ಅವಳು ಮತ್ತೆ ಮೇಜಿಗೆ ಬಂದು ಕೂತು ಮುಂದಿನ ಲಕ್ಷಣ ಬರೆದಳು. ಅವಳಿಗೆ ಈಗ ನೆನಪಾಗುವುದು ಅಮ್ಮನ ಮುಖವಲ್ಲ, ಪಾತ್ರೆಯ ತಳ ಉಜ್ಜುವ ಸದ್ದು. ಅದರ ಲಯ ನಡುನಡುವೆ ತಪ್ಪುತ್ತಿತ್ತು. ಹೆಡ್‌ಫೋನು ಹಾಕಿಕೊಂಡರೆ ಕೇಳಿಸುತ್ತಿರಲಿಲ್ಲ. ಆಮೇಲೆ ಹಾಕಿಕೊಂಡಿದ್ದಳು.

ಆಸ್ಪತ್ರೆಗೆ ಹೋಗಲು ಒಂದು ನೆಪವಿತ್ತು, ಅಲ್ಲಿ ಬಿಟ್ಟು ಬಂದ ಮೈಕಿನ ಸ್ಟ್ಯಾಂಡು. ವ್ಯಾಯಾಮ ಮಾಡಿಸುವವನು ಒಬ್ಬನೇ ಕೂತು ರಬ್ಬರ್ ಚೆಂಡುಗಳನ್ನು ಒರೆಸಿ ಬುಟ್ಟಿಗೆ ಹಾಕುತ್ತಿದ್ದ. ಮಧ್ಯಾಹ್ನದ ಹೊತ್ತು ರೋಗಿಗಳಿರಲಿಲ್ಲ. ಹಿಡಿದು ನಡೆಯುವ ಎರಡು ಉದ್ದನೆಯ ಕಂಬಿಗಳು, ಅವುಗಳ ತುದಿಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ನೀರಿನ ಯಂತ್ರ. ಅದು ಗೊರಗೊರ ಅನ್ನುತ್ತಿತ್ತು. ಇಷ್ಟು ಸಲ ಬಂದಿದ್ದಳು, ಅದರ ನೀರು ಕುಡಿದಿದ್ದಳು, ಅದು ಸದ್ದು ಮಾಡುತ್ತದೆ ಎನ್ನುವುದನ್ನು ಮಾತ್ರ ಗಮನಿಸಿರಲಿಲ್ಲ. ಪುಸ್ತಕ ಬರೆದಾಯ್ತಾ, ನನ್ನ ಹೆಸರು ಹಾಕಿದೀರಾ, ಅಂತ ಅವನು ಪ್ರತಿಸಲದ ಹಾಗೆ ಕೇಳಿದ. ಕೊನೆ ಪುಟದಲ್ಲಿ ಇದೆ ಅಂದಳು. ಕೊನೆ ಪುಟಾನ ಯಾರು ನೋಡ್ತಾರೆ, ಮೊದಲನೇದನ್ನೇ ನೋಡಲ್ಲ, ಅಂದ. ಅವಳು ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಮೈಕು ಚುಚ್ಚಿದಳು. ತಾನು ಕೂತಷ್ಟು ಹೊತ್ತು ಏನೂ ಮಾತಾಡದೆ ಮುದ್ರಿಸಿದಳು. ಕನ್ನಡಿಯಲ್ಲಿ ಕಂಬಿಗಳ ನಡುವೆ ಒಬ್ಬ ಹೆಂಗಸು ಬಾಯಿ ಮುಚ್ಚಿ ಕೂತಿದ್ದಳು. ಕಂಪ್ಯೂಟರ್, ಇದೆ, ಅಂದಿತು. ಅನುಮಾನಕ್ಕೆ ಎಡೆಯೇ ಇಲ್ಲದ ಹಾಗೆ. ಅವನನ್ನೂ ಕೂರಿಸಿದಳು. ಅವನು ಫೋಟೊ ತೆಗೆಸಿಕೊಳ್ಳುವವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಗಿಹಿಡಿದ.

“ಏನಂತೆ?”

“ನಿಮಗೂ ಇದೆಯಂತೆ.”

“ಇಷ್ಟು ವರ್ಷ ಇದೇ ರೂಮಲ್ಲಿ ಬಿದ್ದಿದೀನಿ,” ಅಂದ ಅವನು, “ಅಂಟದೆ ಇರತ್ತಾ?”

ನಕ್ಕ. ಅವಳ ಮುಖದ ಸ್ನಾಯುಗಳೂ ನಗುವಿಗೆ ಬೇಕಾದ ಹಾಗೆ ಎಳೆದುಕೊಂಡವು. ಕನ್ನಡಿಯಲ್ಲಿ ಅದು ಕಂಡಿತು. ಲ್ಯಾಪ್‌ಟಾಪ್ ಮುಚ್ಚುತ್ತಾ, ಯಾವುದೋ ಬೇರೆ ಮಾತಿನ ನಡುವೆ ನೆನಪಾದಂತೆ, ಕೈ ನಡುಗೋದು ಅಂತ ಏನೂ ಇಲ್ಲ, ಬರಹ ಸ್ವಲ್ಪ ಸಣ್ಣದಾಗಿದೆ, ದನಿ ತಗ್ಗಿದೆ, ಅಂಥವರು ಬಂದರೆ ಏನು ಮಾಡ್ತೀರಿ ಅಂತ ಕೇಳಿದಳು. ನನ್ನ ಹತ್ರ ಅಲ್ಲ, ಮೊದಲು ಮೇಲಿನ ಮಹಡಿಗೆ, ನರದ ಡಾಕ್ಟರಿಗೆ ತೋರಿಸಬೇಕು, ಅಂದ ಅವನು. ಬೇಗ ಅಲ್ಲಿಗೆ ಹೋದವರು ನನ್ನ ಹತ್ರ ಬರೋದು ನಿಧಾನ ಆಗತ್ತೆ. ಚೆಂಡನ್ನು ಒರೆಸುತ್ತಿದ್ದ ಬಟ್ಟೆ ನಿಂತಿತು. ಯಾರಿಗೆ, ಅಂತ ಕೇಳಿದ. ಯಾರಿಗೂ ಅಲ್ಲ, ಥೀಸಿಸಿಗೆ ಬೇಕಿತ್ತು, ಅಂದಳು. ಹೇಳುವಾಗ ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಸ್ಟ್ಯಾಂಡನ್ನು ಅಲ್ಲೇ ಮರೆತು ಹೊರಟಳು. ಬಾಗಿಲ ತನಕ ಅವನೇ ತಂದುಕೊಟ್ಟ.

ಅಮ್ಮನ ಶಾಲೆಗೆ ನಡೆದೇ ಹೋಗಬಹುದಿತ್ತು. ನಡೆದಳು. ಅಂಗಡಿಗಳ ಗಾಜಿನಲ್ಲಿ ಅವಳ ಎರಡು ತೋಳೂ ಸರಿಯಾಗಿ ಬೀಸುತ್ತಿದ್ದವು, ಹೆಗಲ ಚೀಲಕ್ಕೆ ಸಿಕ್ಕಿಸಿದ ಸ್ಟ್ಯಾಂಡು. ಹೇಳದಿದ್ದರೂ ಆಗುತ್ತದೆ ಎನ್ನುವ ಯೋಚನೆ ಯಾವ ಗದ್ದಲವೂ ಇಲ್ಲದೆ ಬಂದು ಜೊತೆಗೆ ಹೆಜ್ಜೆ ಹಾಕಿತು. ಸುಮ್ಮನೆ ಒಂದು ದಿನ, ವಯಸ್ಸಾಯ್ತಲ್ಲ, ಎಲ್ಲ ಒಮ್ಮೆ ತೋರಿಸಿಕೊಂಡು ಬರೋಣ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದು. ತೊಂಬತ್ತೇಳು ಹಾಗೇ ಇರುತ್ತದೆ. ಸೆಮಿನಾರು ಆಗುತ್ತದೆ, ಪದವಿ ಬರುತ್ತದೆ, ಚಿಕ್ಕಮ್ಮನ ಬಾಯಿ ಮುಚ್ಚುತ್ತದೆ. ಆದರೆ ಅಮ್ಮ ಒಪ್ಪುವುದಿಲ್ಲ. ಹೋದ ತಿಂಗಳು ಶಾಲೆಯ ಮುಖ್ಯೋಪಾಧ್ಯಾಯಿನಿ, ನಿಮ್ಮ ದನಿ ಮಕ್ಕಳಿಗಿರಲಿ ನನಗೇ ಕೇಳಲ್ಲ, ಒಮ್ಮೆ ತೋರಿಸಬಾರದಾ, ಅಂದರಂತೆ. ಅಮ್ಮ ತಲೆಯೆತ್ತಿ, ನನ್ನ ಮಗಳು ತೋರಿಸಿದಾಳೆ, ಅಂದಳಂತೆ. ಅದನ್ನು ಮನೆಗೆ ಬಂದು ಹೇಳುವಾಗ ಎಂಥ ಗತ್ತು. ಅವಳು ಆಗಲೂ ಪರದೆಯಿಂದ ಕಣ್ಣು ತೆಗೆಯದೆ ಹೂಂ ಅಂದಿದ್ದಳು.

ಕೊನೆಯ ಗಂಟೆ ಹೊಡೆದು ಮಕ್ಕಳು ಹೋಗಿದ್ದರು. ತರಗತಿಯ ಬಾಗಿಲಲ್ಲಿ ನಿಂತಾಗ ಅವಳಿಗೆ ಮೊದಲು ಕಂಡದ್ದು ಅಮ್ಮನಲ್ಲ, ಬೆಂಚುಗಳು. ಎಲ್ಲ ಬೆಂಚುಗಳನ್ನೂ ಒಂದಕ್ಕೊಂದು ತಾಗಿಸಿ ಬೋರ್ಡಿನ ಬುಡಕ್ಕೆ ತಂದು ತುರುಕಲಾಗಿತ್ತು, ಮಕ್ಕಳು ಹೇಗೆ ಒಳಗೆ ತೂರುತ್ತಾರೋ ಎನ್ನುವ ಹಾಗೆ. ಹಿಂದೆ ಅರ್ಧ ಕೋಣೆ ಖಾಲಿ. ಖಾಲಿ ನೆಲದ ಮೇಲೆ ಬೆಂಚುಗಳ ಕಾಲಿದ್ದ ಗುರುತು ಹಾಗೇ ಇತ್ತು. ಬೋರ್ಡಿನ ಮೇಲೆ ಪಾಠದ ನಾಲ್ಕು ಸಾಲು. ಪ್ರತಿ ಸಾಲೂ ಎಡಗಡೆ ದೊಡ್ಡದಾಗಿ, ದುಂಡಗೆ, ಅವಳಿಗೆ ಅಕ್ಷರ ಕಲಿಸಿದ ಅದೇ ಕೈಯ ಹಾಗೆ ಶುರುವಾಗಿ, ಬಲಕ್ಕೆ ಬರುತ್ತಾ ಬರುತ್ತಾ ಕುಗ್ಗಿ, ಕೊನೆಯ ಪದ ಇರುವೆಗಳ ಸಾಲಿನಂತೆ ಮೇಲಕ್ಕೆ ಹತ್ತಿ ನಿಂತಿತ್ತು. ಮೊದಲ ಅಧ್ಯಾಯದಲ್ಲಿ ಇದಕ್ಕೊಂದು ಚಿತ್ರ ಹಾಕಿದ್ದಳು, ಯಾವುದೋ ದೇಶದ ಯಾವುದೋ ರೋಗಿಯದು. ಇದು ಅದಕ್ಕಿಂತ ಸ್ಪಷ್ಟವಾಗಿತ್ತು.

ಅಮ್ಮ ಮೇಜಿನ ಹಿಂದೆ ಕೂತಿದ್ದಳು. ಎಡಗೈ ಮಡಿಲಲ್ಲಿ, ಸೆರಗಿನ ಕೆಳಗೆ. ಇದೇನು ಇಷ್ಟು ಹೊತ್ತಿಗೆ, ಊಟ ಮಾಡಿದೆಯಾ, ಇದ್ಯಾವ ಕೋಲು ಹೊತ್ತುಕೊಂಡು ಬಂದಿದೀಯ, ಅಂತ ಕೇಳಿದಳು. ದನಿ ನಿಜವಾಗಿಯೂ ತಗ್ಗಿತ್ತು. ಬಾಗಿಲಿಗೆ ಅದು ಅರ್ಧವೇ ತಲುಪಿತು. ಅವಳು ಒಳಗೆ ಬಂದು ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಳು. ಬೆಂಚುಗಳ ಬಗ್ಗೆ ಕೇಳಿದಳು. ಹತ್ತಿರ ಕೂತರೆ ಮಕ್ಕಳು ಗಲಾಟೆ ಮಾಡಲ್ಲ, ಅಂದಳು ಅಮ್ಮ. ಆಮೇಲೆ ಇಬ್ಬರೂ ಬೋರ್ಡನ್ನು ನೋಡಿದರು. ಆಮೇಲೆ ಇಬ್ಬರೂ ನೋಡುವುದನ್ನು ಬಿಟ್ಟರು.

ಅವಳು ಹೇಳಿದಳು. ಪುಟ ಓದಿದ ಹಾಗೆ ಹೇಳಿದಳು, ಏರಿಳಿತವಿಲ್ಲದೆ, ಸೆಮಿನಾರಿಗೆ ಅಭ್ಯಾಸ ಮಾಡಿದ ಅದೇ ದನಿಯಲ್ಲಿ. ಎರಡು ಕೋಣೆ ಇದ್ದವು. ಕಂಪ್ಯೂಟರ್ ಕೋಣೆಯನ್ನು ಕಲಿಯಿತು. ಲ್ಯಾಬಿನಲ್ಲಿ ಯಾರು ಕೂತರೂ ಅದು ಏನೂ ಇಲ್ಲ ಅನ್ನುತ್ತಿತ್ತು, ಖಾಲಿ ಕುರ್ಚಿಯೊಂದನ್ನೇ ಇಟ್ಟಿದ್ದರೂ ಅನ್ನುತ್ತಿತ್ತು.

“ನಿನ್ನ ದನೀನ ಅದು ಕೇಳೇ ಇಲ್ಲಮ್ಮ.”

ಅಮ್ಮ, ತರಗತಿಯಲ್ಲಿ ಮಗುವೊಂದು ಲೆಕ್ಕ ತಪ್ಪಿದಾಗ ಎಲ್ಲಿ ತಪ್ಪಿತು ಅಂತ ಹಿಂದಕ್ಕೆ ಹೋಗಿ ಹುಡುಕುವವಳ ಹಾಗೆ, ಸ್ವಲ್ಪ ಹೊತ್ತು ಗೋಡೆ ನೋಡಿದಳು.

“ಹಾಗಾದರೆ ನೀನು ಎಲ್ಲಾನೂ ಮತ್ತೆ ಮೊದಲಿಂದ ಮಾಡಬೇಕಾ?”

“ಹೂಂ,” ಅಂದಳು. ಅಂದ ಮೇಲೆ, ಗೈಡಿಗೆ ಹೇಳಿದ ‘ಸರಿ ಸರ್’ ಅಲ್ಲಿಗೆ ಮುಗಿಯಿತು ಅಂತ ಗೊತ್ತಾಯಿತು. ಅದು ಯಾರೋ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿದಷ್ಟೇ ಕೇಳಿಸಿತು.

ಇನ್ನೊಂದು ವರ್ಷ, ಅಂದಳು ಅಮ್ಮ, ತನಗೆ ತಾನೇ. ಚಿಕ್ಕಮ್ಮನಿಗೆ ಏನು ಹೇಳೋದು ಅಂತಲೂ ಅಂದಳು, ಅದರಲ್ಲಿ ಒಂದಿಷ್ಟು ನಗುವೂ ಇತ್ತೇನೋ. ಆಮೇಲೆ, ಮೇಜಿನ ಅಂಚನ್ನು ಬಲಗೈ ಬೆರಳಿನಿಂದ ಒರೆಸುತ್ತಾ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು:

“ನಿನ್ನ ಲ್ಯಾಬಿಗೆ ಬರೋ ಮುಂಚೇನೇ ನಾನು ಡಾಕ್ಟರ ಹತ್ರ ದಿನ ಗೊತ್ತು ಮಾಡಿಕೊಂಡಿದ್ದೆ. ನೀನು ಕೇಳಿದಾಗ ಹೇಳಿಬಿಡೋಣ ಅಂತಲೇ ಇದ್ದೆ. ನೀನು ಮೈಕ್ ಹಿಡಕೊಂಡು ಕೂತಿದ್ದೆ. ಆಮೇಲೆ ನೀನೇ ಏನೂ ಇಲ್ಲ ಅಂದೆಯಲ್ಲ. ಹೋಗದೆ ಸುಮ್ಮನಾದೆ.”

ಅವಳು ಹೆಗಲಿನ ಚೀಲವನ್ನೂ ಸ್ಟ್ಯಾಂಡನ್ನೂ ಇಳಿಸಿ ಬೆಂಚಿಗೆ ಒರಗಿಸಿದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಹೊರಗೆ ನಲ್ಲಿಯೊಂದು ಸರಿಯಾಗಿ ನಿಂತಿರಲಿಲ್ಲ. ಅದರಾಚೆ, ಆಟದ ಬಯಲಲ್ಲಿ ಯಾರನ್ನೋ ಯಾರೋ ಕೂಗುತ್ತಿದ್ದರು. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಅಂದಳು, ನರದ ಡಾಕ್ಟರು ಮೇಲಿನ ಮಹಡಿಯಂತೆ. ಅಮ್ಮ ತಲೆಯಾಡಿಸಿದಳು. ನಾಳೆಗೆ ರಜೆ ಹೇಳಬೇಕು ಅಂತ ಎದ್ದವಳು ಹಾಗೇ ಮತ್ತೆ ಕೂತಳು. ಕೂರುವಾಗ ಎಡಗೈ ಮಡಿಲಿನಿಂದ ಹೊರಗೆ ಬಂದು ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿಯ ಮೇಲೆ ಕೂತಿತು.

ಫ್ಯಾನಿನ ಸದ್ದಿನ ಕೆಳಗೆ, ನಲ್ಲಿಯ ಸದ್ದಿನ ಕೆಳಗೆ, ಬಹಳ ಸಣ್ಣಗೆ ಇನ್ನೊಂದು ಸದ್ದು ಶುರುವಾಯಿತು. ಡಬ್ಬಿಯೊಳಗೆ ಸೀಮೆಸುಣ್ಣದ ತುಂಡುಗಳು ಒಂದಕ್ಕೊಂದು ತಾಗುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ತಾಗುತ್ತಿದ್ದವು. ಅವಳು ಎರಡೂ ಕಿವಿಯಿಂದ ಕೇಳಿಸಿಕೊಂಡಳು. ಅವಳು ಕೇಳಿಸಿಕೊಳ್ಳುತ್ತಿರುವುದನ್ನು ಅಮ್ಮ ನೋಡಿದಳು. ಕೈ ತೆಗೆಯಲಿಲ್ಲ.